ಇಲ್ಲದ ಕಡತ ಹುಡುಕುತ್ತಿದ್ದ ಅಪಾಚೆ

ಅಮ್ಮನ ಅಡುಗೆ ಟಿಪ್ಪಣಿಗಳ ನನ್ನ ಪುಟ್ಟ ಜಾಲತಾಣವನ್ನು ಭಾನುವಾರ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ 22.04 ಆವೃತ್ತಿ ಇದ್ದ ಹಳೆಯ ಯಂತ್ರದಿಂದ 24.04 ಇರುವ ಹೊಸದಕ್ಕೆ ಸಾಗಿಸಿದೆ. ಪುಟಗಳನ್ನು ಓದುಗರಿಗೆ ತಲುಪಿಸುವ ಸರ್ವರ್ ತಂತ್ರಾಂಶ ಅಪಾಚೆ ಏಳಲೇ ಇಲ್ಲ. ನಾನು ಮಾಡಿದ್ದು ಎಲ್ಲರೂ ಮಾಡುವ ದಡ್ಡತನವನ್ನೇ: ನಾಲ್ಕು ಸಲ ರೀಸ್ಟಾರ್ಟ್. ಚಹಾ ಆರಿ ತಣ್ಣಗಾದ ಮೇಲೆ, ಸಂರಚನೆಯ (ಸೆಟ್ಟಿಂಗ್‌ಗಳ) ಕಡತಗಳಲ್ಲಿ ತಪ್ಪು ಹುಡುಕುವ 'ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್' ಆದೇಶ ಕೊಟ್ಟೆ. ಅದು ತಪ್ಪಿರುವ ಕಡತದ ಹೆಸರು, ಸಾಲಿನ ಸಂಖ್ಯೆ ಎರಡನ್ನೂ ಹೇಳಿತು. 'ಲಿಬ್‌ಪಿಎಚ್‌ಪಿ8.1.ಎಸ್‌ಒ', ಅಂದರೆ ಪುಟಗಳನ್ನು ಸಿದ್ಧಪಡಿಸುವ ಪಿಎಚ್‌ಪಿ ಭಾಷೆಯ 8.1 ಆವೃತ್ತಿಯನ್ನು ಅಪಾಚೆಗೆ ಜೋಡಿಸುವ ಮಾಡ್ಯೂಲ್ ಕಡತ, ಸಿಗುತ್ತಿಲ್ಲವಂತೆ.

ಸಿಗುವುದಾದರೂ ಹೇಗೆ? 24.04ರಲ್ಲಿ ಬರುವುದು ಪಿಎಚ್‌ಪಿ 8.3. ಹಿಂದೊಮ್ಮೆ ಅವಸರದಲ್ಲಿ ನಾನೇ ಕೈಯಾರೆ ಬರೆದಿದ್ದ, ಆ ಕಡತವನ್ನು ತೆರೆಯಲು ಹೇಳುವ 'ಲೋಡ್‌ಮಾಡ್ಯೂಲ್' ಸಾಲು ಹಳೆಯ ಸಂರಚನೆಯ ಜೊತೆಗೇ ನಕಲಾಗಿ ಬಂದಿತ್ತು. ಅದನ್ನು ಅಳಿಸಿ, ಅಪಾಚೆಗೆ ಬೇಕಾದ ಪಿಎಚ್‌ಪಿ ಪ್ಯಾಕೇಜನ್ನು ಹಾಕಿದೆ. ಅಪಾಚೆ ಎದ್ದಿತು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಬಂದ ಕೋರಿಕೆಗಳನ್ನು ಅಪಾಚೆ ಹೇಗೆ ಹಂಚಿಕೊಂಡು ನಿಭಾಯಿಸಬೇಕೆಂದು ತೀರ್ಮಾನಿಸುವ ಭಾಗಕ್ಕೆ ಎಂಪಿಎಂ ಎನ್ನುತ್ತಾರೆ. ವೇಗ ಹೆಚ್ಚಲಿ ಎಂದು ಪ್ರಿಫೋರ್ಕ್ ಎಂಬ ಎಂಪಿಎಂ ತೆಗೆದು ಇವೆಂಟ್ ಎಂಪಿಎಂ ಹಾಕಿದೆ, ಅಪಾಚೆ ಮತ್ತೆ ಮಲಗಿತು. ಇವೆಂಟ್ ನಡೆಯುವುದು ಥ್ರೆಡ್‌ಗಳ ಮೇಲೆ, ಅಂದರೆ ಒಂದೇ ಪ್ರಕ್ರಿಯೆಯೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳ ಮೇಲೆ. ಉಬುಂಟು ಕೊಡುವ ಪಿಎಚ್‌ಪಿ ಮಾಡ್ಯೂಲ್ ಥ್ರೆಡ್‌ಗಳಿಗೆ ತಕ್ಕಂತೆ ಕಟ್ಟಿದ್ದಲ್ಲ. ಇವೆಂಟ್ ಬೇಕೆಂದರೆ ಪಿಎಚ್‌ಪಿಯನ್ನು ಅಪಾಚೆಯ ಹೊರಗೆ ಬೇರೆಯಾಗಿ ನಡೆಸುವ ಪಿಎಚ್‌ಪಿ-ಎಫ್‌ಪಿಎಂ ಬಳಸಬೇಕು. ದಿನಕ್ಕೆ ಹತ್ತು ಜನ ನೋಡುವ ಸಾರಿನ ಪುಡಿಯ ಪುಟಕ್ಕೆ ಅಷ್ಟೆಲ್ಲ ಏಕೆ? ಪ್ರಿಫೋರ್ಕ್‌ಗೇ ಮರಳಿದೆ.