ನೈವಾಶಾದ ಮೀನು ಹದ್ದು

ಕೀನ್ಯಾದ ನೈರೋಬಿಯಿಂದ ವಾಯವ್ಯಕ್ಕೆ ಸುಮಾರು 90 ಕಿ.ಮೀ. ಹೋದರೆ ನೈವಾಶಾ ಸರೋವರ. ಭೂಮಿ ಬಿರಿದು ಆದ ರಿಫ್ಟ್ ಕಣಿವೆಯ ತಳ ಅಂತ ಹೆಸರಿಗೆ, ಎತ್ತರ ಮಾತ್ರ ಸಮುದ್ರಮಟ್ಟದಿಂದ 1,900 ಮೀಟರ್ ಹತ್ತಿರ. ಬೆಳಿಗ್ಗೆ ಸ್ವೆಟರ್ ಬೇಕೇ ಬೇಕು. ಈ ಕಣಿವೆಯ ಎಷ್ಟೋ ಸರೋವರಗಳ ನೀರು ಕ್ಷಾರ. ನೈವಾಶಾದ್ದು ಸಿಹಿನೀರು. ಅದಕ್ಕೇ ಇಲ್ಲಿ ಮೀನು ಜಾಸ್ತಿ, ಮೀನು ಹದ್ದುಗಳೂ ಜಾಸ್ತಿ.

ದಡದ ತುಂಬ ಹಳದಿ ತೊಗಟೆಯ ಜಾಲಿ ಮರಗಳು. ಈಚಿನ ವರ್ಷಗಳಲ್ಲಿ ನೀರು ಏರಿ, ಎಷ್ಟೋ ಮರಗಳು ನಿಂತಲ್ಲೇ ಮುಳುಗಿ ಒಣಗಿವೆ. ನೋಡಿದರೆ ಬೇಸರವಾಗುತ್ತದೆ. ಆದರೆ ಹದ್ದು ಕೂರುವುದು ಅಲ್ಲೇ. ಎಲೆಯಿಲ್ಲದ ಕೊಂಬೆಯಿಂದ ನೀರು ಚೆನ್ನಾಗಿ ಕಾಣುತ್ತದಲ್ವಾ.

ದೋಣಿ ಹತ್ತುವಾಗಲೇ ದೋಣಿಯವರು ಒಂದು ಮೀನು ಎತ್ತಿ ತೋರಿಸಿದರು. ಇಲ್ಲಿನ ರೂಢಿ ಅದು. ಮೀನಿನೊಳಗೆ ಪಪೈರಸ್ ಎಂಬ ಜೊಂಡಿನ ದಂಟಿನ ಚೂರು ತುರುಕುತ್ತಾರೆ, ಮುಳುಗದೆ ತೇಲಲಿ ಅಂತ. ಸಿಳ್ಳೆ ಹಾಕಿ ಎಸೆದರೆ ಹದ್ದು ಬಂದು ಎತ್ತಿಕೊಂಡು ಹೋಗುತ್ತದೆ. ಫೋಟೋ ಸಿಕ್ಕೇ ಸಿಗುತ್ತದೆ. ಆದರೆ ನನಗೆ ಬೇಕಿದ್ದದ್ದು ಅದು ತಾನೇ ಹುಡುಕಿ ಮಾಡುವ ಬೇಟೆ.

"ಎಸೆಯಬೇಡಿ, ಕಾಯೋಣ" ಎಂದೆ.

"ತುಂಬ ಹೊತ್ತಾಗಬಹುದು. ಪರವಾಗಿಲ್ವಾ ಸರ್?" ಎಂದು ಕೇಳಿದರು. ತಲೆಯಾಡಿಸಿದೆ. ನೀರಾನೆಗಳ ಗುಂಪನ್ನು ದೂರದಿಂದಲೇ ಬಳಸಿಕೊಂಡು ಹೋಗಿ ಎಂಜಿನ್ ಆಫ್ ಮಾಡಿದರು.

ಎದುರಿನ ಮರದಲ್ಲಿ ಒಂದು ಜೋಡಿ ಇತ್ತು. ತಲೆ, ಎದೆ, ಬಾಲ ಅಚ್ಚ ಬಿಳಿ. ಹೊಟ್ಟೆ ಕಂದುಗೆಂಪು, ರೆಕ್ಕೆ ಕಪ್ಪು, ಮುಖದ ಚರ್ಮ ಹಳದಿ. ನಮ್ಮ ಗರುಡನ ಬಣ್ಣವೇ ನೆನಪಾಗುತ್ತದೆ, ಗಾತ್ರ ಮಾತ್ರ ಬಹಳ ದೊಡ್ಡದು. ನಿಜವಾದ ನಂಟು ಇರುವುದು ಕಾರವಾರದ ಕಡೆ ಕಾಣುವ ಬಿಳಿ ಹೊಟ್ಟೆಯ ಕಡಲ ಹದ್ದಿನ ಜೊತೆ. ಹೆಣ್ಣು ಗಂಡಿಗಿಂತ ದೊಡ್ಡದು, ಮೂರು ಕಿಲೋ ದಾಟುತ್ತದೆ. ಪಕ್ಕದ ಮರದಲ್ಲಿ ಮೈತುಂಬ ಕಂದು ಮಚ್ಚೆಗಳ ಮರಿಹದ್ದೊಂದು ಕೂತಿತ್ತು. ಅದಕ್ಕೆ ಈ ಬಿಳಿ ತಲೆ ಪೂರ್ತಿ ಬರಲು ನಾಲ್ಕೈದು ವರ್ಷ ಬೇಕು.

ಇದ್ದಕ್ಕಿದ್ದಂತೆ ಎರಡೂ ಕತ್ತು ಹಿಂದಕ್ಕೆ ಬಾಗಿಸಿ ಕೂಗಿದವು. ಗಂಡಿನದು ಕೀರಲು, ಹೆಣ್ಣಿನದು ಸ್ವಲ್ಪ ದಪ್ಪ ದನಿ. ಆಫ್ರಿಕಾದ ದನಿ ಅಂದರೆ ಇದೇ ಅನ್ನುತ್ತಾರೆ. ಜಾಂಬಿಯಾದ ಬಾವುಟದಲ್ಲಿ ಹಾರುವುದೂ ಇದೇ ಹಕ್ಕಿ.

ಆಮೇಲೆ ಸುಮ್ನೆ ಕೂತವು. ಮೀನು ಹದ್ದಿನ ದಿನದ ಹೆಚ್ಚು ಪಾಲು ಕೂರುವುದರಲ್ಲೇ ಕಳೆಯುತ್ತದೆ. ಸೋಮಾರಿ ಅನಿಸಬಹುದು. ಆದರೆ ಗಮನಿಸಿದರೆ ತಲೆ ಆಗಾಗ ವಾಲುತ್ತಿರುತ್ತದೆ, ಕಣ್ಣು ನೀರಿನ ಮೇಲೇ ಇರುತ್ತದೆ. ಅದಕ್ಕೆ ನೀರಿನಾಳಕ್ಕೆ ಧುಮುಕಲು ಬರುವುದಿಲ್ಲ. ಮೇಲಕ್ಕೆ ಬಂದ ಮೀನೇ ಬೇಕು. ಹಾಗಾಗಿ ಕಾಯುವುದೂ ಬೇಟೆಯೇ.

ಕೊನೆಗೆ ಗಂಡು ಹೊರಟಿತು. ರೆಕ್ಕೆ ಬಡಿದದ್ದು ಕಡಿಮೆ, ತೇಲುತ್ತಾ ಇಳಿದದ್ದೇ ಹೆಚ್ಚು. ನೀರು ಹತ್ತಿರವಾದಾಗ ಕಾಲು ಮುಂದಕ್ಕೆ ಚಾಚಿತು. ಒಂದೇ ಪಂಜ ನೀರಿಗಿಳಿದು, ಸೀಳಿದ ಗೆರೆಯ ಕೊನೆಯಲ್ಲಿ ಮೀನು ಒದ್ದಾಡುತ್ತಾ ಮೇಲೆದ್ದಿತು. ಗೆಂಡೆ ಮೀನಿರಬೇಕು. ಅದು ಇಲ್ಲಿನ ಮೂಲ ಮೀನಲ್ಲ, ಹೊರಗಿನಿಂದ ಬಂದು ಬೆಳೆದದ್ದು. ಜಾರುವ ಮೀನು ಉಗುರಿನಿಂದ ತಪ್ಪಿಸಿಕೊಳ್ಳದಿರಲು ಈ ಹದ್ದಿನ ಬೆರಳುಗಳ ಅಡಿಯಲ್ಲಿ ಸಣ್ಣ ಮುಳ್ಳುಗಳಿವೆ. ಹೊರಲಾರದಷ್ಟು ಭಾರದ ಮೀನು ಸಿಕ್ಕರೆ ಬಿಡುವುದಿಲ್ಲ, ರೆಕ್ಕೆಯನ್ನೇ ದೋಣಿಯ ಹುಟ್ಟಿನಂತೆ ಬೀಸಿ ದಡಕ್ಕೆ ಎಳೆದು ತರುತ್ತದೆ.

"ಎಸೆದಿದ್ದರೆ ಇದು ಕಾಣ್ತಿರಲಿಲ್ಲ" ಎಂದರು ದೋಣಿಯವರು. ಅವರ ಮುಖದಲ್ಲೂ ಖುಷಿ ಇತ್ತು.

ಹೆಣ್ಣು ಆರಿಸಿಕೊಂಡದ್ದು ಬೇರೆ ದಾರಿ. ಪಪೈರಸ್ ಅಂಚಿನಲ್ಲಿ ಬಕವೊಂದು ಮೀನು ಹಿಡಿದು ನುಂಗುವ ಮೊದಲೇ ಮೇಲಿಂದ ಎರಗಿತು. ಬಕ ಬಾಯಿ ಬಿಟ್ಟು ಓಡಿತು, ಮೀನು ಹದ್ದಿನ ಪಾಲಾಯಿತು. ಕಸಿದು ತಿನ್ನುವುದೂ ಇವುಗಳ ಹಳೆಯ ಅಭ್ಯಾಸ. ನನಗೆ ಬಕದ ಮೇಲೆ ಕನಿಕರ ಬಂತು ನಿಜ, ಆದರೂ ಆ ಎರಗಾಟ ನೋಡಿ ಮೈ ಜುಮ್ಮೆಂದಿತು.

ಉತ್ತರಕ್ಕಿರುವ ಬೊಗೋರಿಯಾ ಸರೋವರದ್ದು ಮೀನು ಬದುಕದ ಕ್ಷಾರದ ನೀರು. ಅಲ್ಲಿ ಇದೇ ಹದ್ದು ಫ್ಲೆಮಿಂಗೊಗಳನ್ನು ಹಿಡಿದು ತಿನ್ನುತ್ತದೆ. ಮಾರನೇ ಬೆಳಿಗ್ಗೆ ನಾವು ಹೊರಟದ್ದು ಅಲ್ಲಿಗೇ.