ಬೆಳಗಿನ ಶಬ್ದವನ್ನು ಬೆಳಿಗ್ಗೆಯೇ ಕೇಳಬೇಕು

ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ಚಳಿಯಲ್ಲಿ, ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಪೆಟ್ರೋಲ್ ಕಾರು ತಂದರು.

"ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟಿಕ್ ಟಿಕ್ ಅನ್ನುತ್ತಪ್ಪಾ, ಹೊಲಿಗೆ ಮಿಷನ್ ಓಡಿದ ಹಾಗೆ."

ಬಾನೆಟ್ ಎತ್ತಿ ಕೇಳಿದೆ. ಏನೂ ಇಲ್ಲ. ಏಳೆಂಟು ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದರು, ಎಂಜಿನ್ ಚೆನ್ನಾಗಿ ಕಾದಿತ್ತು. ನನ್ನ ಕಿವಿಗೇ ಬೀಳದ ಶಬ್ದಕ್ಕೆ ನಾನು ಅಲ್ಲೇ ಹೆಸರಿಟ್ಟೆ. "ಟ್ಯಾಪೆಟ್ ಸಾರ್. ಬಿಟ್ಟು ಹೋಗಿ, ಸಂಜೆ ಕೊಡ್ತೀನಿ." ಟ್ಯಾಪೆಟ್ ಅಂದರೆ ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳನ್ನು ಒತ್ತಿ ತೆರೆಯುವ ಭಾಗ. ಅದು ಸಡಿಲವಾದರೆ ಟಿಕ್ ಟಿಕ್ ಅನ್ನುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಹೆಡ್ ಕವರ್ ಬಿಚ್ಚಿದೆ. ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್ ಹಾಕಿ ನೋಡಿದರೆ ಎರಡು ವಾಲ್ವ್ ಸ್ವಲ್ಪ ಸಡಿಲ ಇದ್ದವು. ಹಳೆಯ ಗಾಡಿಯಲ್ಲಿ ಹುಡುಕಿದರೆ ಇಂಥದ್ದೇನಾದರೂ ಸಿಕ್ಕೇ ಸಿಗುತ್ತದೆ, ಅಲ್ವಾ? ಸೆಟ್ ಮಾಡಿ ಸ್ಟಾರ್ಟ್ ಮಾಡಿದಾಗಲೂ ಸ್ವಲ್ಪ ಹೊತ್ತು ಟಿಕ್ ಅಂದಿತು. ಆಯಿಲ್ ಇನ್ನೂ ಮೇಲೆ ಬಂದಿಲ್ಲ ಅಂದುಕೊಂಡೆ. ಆಮೇಲೆ ನಿಂತಿತು. ಖುಷಿಯಾಗಿ 600 ರೂಪಾಯಿ ತಗೊಂಡೆ.

ಮರುದಿನ ಆರೂವರೆಗೇ ಫೋನ್. ಮೇಷ್ಟ್ರು ಮಾತಾಡಲಿಲ್ಲ, ಫೋನನ್ನು ಬಾನೆಟ್ ಹತ್ತಿರ ಹಿಡಿದರು. ಟಿಕ್ ಟಿಕ್ ಟಿಕ್. "ಕೇಳಿಸ್ತಾ?"

"ನಾಳೆ ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಸಾರ್" ಅಂದೆ. ಅದನ್ನು ಮೊದಲ ದಿನವೇ ಹೇಳಬೇಕಿತ್ತು.

ಅವರ ಮನೆ ಮುಂದೆ, ಮಂಜು ಕೂತ ಕಾರಿನ ಸೆಲ್ಫ್ ಹೊಡೆದೆ. ಜೋರಾಗಿ ಟಿಕ್ ಟಿಕ್. ಉದ್ದನೆಯ ಸ್ಕ್ರೂ ಡ್ರೈವರ್ ತುದಿಯನ್ನು ಹೆಡ್ ಕವರ್ ಮೇಲಿಟ್ಟು, ಹಿಡಿಗೆ ಕಿವಿ ಕೊಟ್ಟೆ. ಟ್ಯಾಪೆಟ್ ಆಗಿದ್ದರೆ ಕಿವಿಗೆ ಸುತ್ತಿಗೆ ಬಡಿದ ಹಾಗೆ ಕೇಳಬೇಕು. ಇಲ್ಲಿ ಉಲ್ಟಾ. ಸ್ಕ್ರೂ ಡ್ರೈವರ್‌ನಲ್ಲಿ ಶಬ್ದ ಮಂಕು, ಬರೀ ಕಿವಿಗೆ ಜಾಸ್ತಿ. ಅಂದರೆ ಶಬ್ದ ಕಬ್ಬಿಣದಲ್ಲಿ ಇರಲಿಲ್ಲ, ಗಾಳಿಯಲ್ಲಿ ಇತ್ತು.

ಡಿಕ್ಕಿಯಲ್ಲಿ ಒಂದು ಮೀಟರ್ ರಬ್ಬರ್ ಪೈಪ್ ಬಿದ್ದಿತ್ತು. ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಫ್ಯಾನ್, ಬೆಲ್ಟ್‌ಗೆ ತಾಗದ ಹಾಗೆ ಎಂಜಿನ್ ಸುತ್ತ ಆಡಿಸಿದೆ. ಎಂಜಿನ್ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕೊನೆಯ ಸಿಲಿಂಡರ್ ಹತ್ತಿರ ಬಂದಾಗ ಟಿಕ್ ಹೋಗಿ ಫಟ್ ಫಟ್ ಅಂತ ಉಸಿರು ಬಡಿಯಿತು. ಟಾರ್ಚ್ ಬಿಟ್ಟರೆ, ಮ್ಯಾನಿಫೋಲ್ಡ್ ಹೆಡ್‌ಗೆ ಕೂರುವಲ್ಲಿ ಸೋರದ ಹಾಗೆ ಹಾಕುವ ಪ್ಯಾಕಿಂಗ್ ಅಂಚಿನಲ್ಲಿ ಬೆರಳಗಲ ಮಸಿ. ಹೊಗೆ ಅಲ್ಲಿಂದ ಸೋರುತ್ತಿತ್ತು. ಅದನ್ನು ಬಿಗಿ ಹಿಡಿಯುವ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿದು, ಅದರ ಅರ್ಧ ತುಂಡು ಎಂಜಿನ್ ಹೆಡ್ ಒಳಗೇ ಕೂತಿತ್ತು.

ಮೋಸ ಹೋಗಿದ್ದು ಎಲ್ಲಿ ಅಂದರೆ, ಟ್ಯಾಪೆಟ್ ಶಬ್ದ, ಹೊಗೆ ಸೋರುವ ಶಬ್ದ ಎರಡರ ತಾಳವೂ ಒಂದೇ. ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ವಾಲ್ವ್ ಒಂದು ಸಲ ತೆರೆಯುತ್ತದೆ. ಒಂದು ಸಿಲಿಂಡರ್ ಹೊಗೆ ಬಿಡುವುದೂ ಅಷ್ಟಕ್ಕೆ ಒಂದೇ ಸಲ. ಐಡ್ಲಿಂಗ್ 800 ಸುತ್ತು ಇದ್ದರೆ ಎರಡೂ ನಿಮಿಷಕ್ಕೆ 400 ಸಲ. ತಾಳ ಕೇಳಿ ಬೇರೆ ಮಾಡುವುದು ಆಗದ ಮಾತು. ಆದರೆ ಮ್ಯಾನಿಫೋಲ್ಡ್ ಕಾದು ಹಿಗ್ಗಿದರೆ ಸಂದು ಮುಚ್ಚಿಕೊಳ್ಳುತ್ತದೆ, ಶಬ್ದ ನಿಲ್ಲುತ್ತದೆ. ಅವತ್ತು ಸಂಜೆ ಗ್ಯಾರೇಜಿನಲ್ಲಿ ಆಗಿದ್ದು ಅದೇ.

ಮುರಿದ ಸ್ಟಡ್ ತುದಿಗೆ ನಟ್ ವೆಲ್ಡ್ ಮಾಡಿ, ಆ ಬಿಸಿಯಲ್ಲೇ ನಿಧಾನ ತಿರುಗಿಸಿ ತೆಗೆದೆವು. ಮ್ಯಾನಿಫೋಲ್ಡ್ ಮುಖ ಬಾಗಿದ್ದರಿಂದ ಲೇತ್‌ಗೆ ಕಳಿಸಿ ಸಮ ಮಾಡಿಸಿದೆ. ಅದು ಬಿಟ್ಟು ಬರೀ ಹೊಸ ಪ್ಯಾಕಿಂಗ್ ಹಾಕಿದ್ದರೆ ಮತ್ತೆ ಸೋರುತ್ತಿತ್ತು. ಬಿಲ್‌ನಲ್ಲಿ ಆ 600 ಕಳೆದೆ.

ಇಲ್ಲಿ ಟ್ಯಾಪೆಟ್ ಬಗ್ಗೆ ಒಂದು ಮಾತು. ಶಬ್ದವೇ ಬರಬಾರದು ಅಂತ ಅದನ್ನು ಬಿಗಿ ಮಾಡಿಸಿಕೊಂಡು ಹೋಗುವವರಿದ್ದಾರೆ. ಬಿಗಿ ಜಾಸ್ತಿಯಾದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಗ್ಯಾಸ್ ಗಾಡಿಗಳಲ್ಲಂತೂ ಇದನ್ನು ಬೇಕಾದಷ್ಟು ನೋಡಿದ್ದೇನೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್ಟೇ ವಾಸಿ.

ಎಂಜಿನ್ ಕೆಳಗಿಂದ, ಲೋಡ್ ಬಿದ್ದಾಗ ಡಬ್ ಡಬ್ ಅಂದರೆ ಮಾತ್ರ ಕಥೆ ಬೇರೆ. ಅದು ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು. ಅಂಥ ಗಾಡಿಯನ್ನು "ಹಾಗೇ ಓಡಿಸ್ಕೊಂಡು ಬನ್ನಿ" ಅಂತ ನಾನು ಯಾರಿಗೂ ಹೇಳುವುದಿಲ್ಲ. ಎಳೆದುಕೊಂಡೇ ಬರಬೇಕು.

ಈಗ ಬೆಳಗಿನ ಶಬ್ದದ ಗಾಡಿ ಬಂದರೆ ರಾತ್ರಿ ನಮ್ಮ ಶೆಡ್ಡಿನಲ್ಲೇ ಮಲಗುತ್ತದೆ. ಗಿರಾಕಿಗೆ ಕೇಳುವ ಪ್ರಶ್ನೆಗಳೂ ಬದಲಾಗಿವೆ. ಹೇಗೆ ಕೇಳುತ್ತದೆ ಅನ್ನುವುದಕ್ಕಿಂತ ಮೊದಲು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಕೇಳುತ್ತೇನೆ. ಆ ರಬ್ಬರ್ ಪೈಪನ್ನು ಮೊಳೆಗೆ ನೇತುಹಾಕಿದ್ದೇನೆ. ಹುಡುಗರು ಅದನ್ನೇ ತುಂಡು ಮಾಡಿ ಪೆಟ್ರೋಲ್ ತೆಗೆಯೋಕೆ ಒಯ್ಯುತ್ತಾರೆ. ಈಗ ಇರುವುದು ಮೂರನೇದು.