ಹೊಸ ರ‍್ಯಾಮ್ ಕಾಣದಿದ್ದರೆ ಮೊದಲು ಬಯಾಸನ್ನು ಕೇಳಿ

ಹೊಸ ರ‍್ಯಾಮ್ ಹಾಕಿದರೂ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ ಎಂದು ದೂರುವವರು ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತಾರೆ. ಮದರ್‌ಬೋರ್ಡಿಗೇ ಆ ಸ್ಟಿಕ್ಕಿನ ಸುಳಿವು ಸಿಗದಿರುವುದು ಒಂದು. ಮದರ್‌ಬೋರ್ಡ್ ಅದನ್ನು ಲೆಕ್ಕಕ್ಕೆ ಹಿಡಿದಿದ್ದರೂ ವಿಂಡೋಸ್ ಬಳಸಿಕೊಳ್ಳದಿರುವುದು ಇನ್ನೊಂದು. ಇವೆರಡಕ್ಕೂ ಮದ್ದು ಬೇರೆ. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು, ಯಂತ್ರ ಆನ್ ಆದೊಡನೆ ಡಿಲೀಟ್ ಅಥವಾ ಎಫ್2 ಒತ್ತಿ, ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ ತಂತ್ರಾಂಶವಾದ ಬಯಾಸಿಗೆ ಹೋಗಿ, ಒಟ್ಟು ಮೆಮೊರಿ ಎಷ್ಟು ಎಂದು ಅಲ್ಲಿ ಬರೆದಿರುವುದನ್ನು ನೋಡಬೇಕೆಂಬುದು ನನ್ನ ಪಟ್ಟು.

ಚಾಮರಾಜಪೇಟೆಯಲ್ಲಿ ಡಿಟಿಪಿ ಕೇಂದ್ರ ನಡೆಸುವ ಪರಿಚಯದ ಹಿರಿಯರೊಬ್ಬರು ಈಚೆಗೆ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 8 ಜಿಬಿಯ ಡಿಡಿಆರ್3 (ರ‍್ಯಾಮಿನ ಒಂದು ತಲೆಮಾರು) ಸ್ಟಿಕ್ ತಂದು, ಮೊದಲೇ 4 ಜಿಬಿ ಇದ್ದ ಯಂತ್ರಕ್ಕೆ ಹಾಕಿಸಿದ್ದರು. ಸಿಸ್ಟಮ್ ಪ್ರಾಪರ್ಟೀಸ್ ತೆರೆದರೆ ಒಟ್ಟು 12 ಜಿಬಿ ಎಂದೂ ಅದರಲ್ಲಿ ಬಳಕೆಗೆ ಸಿಗುವುದು 3.24 ಜಿಬಿ ಎಂದೂ ತೋರಿಸುತ್ತಿತ್ತು. “ನೋಡಪ್ಪಾ, ದುಡ್ಡು ಕೊಟ್ಟಿದ್ದು ಎಂಟಕ್ಕೆ, ಇದು ಮೊದಲಿದ್ದ ನಾಲ್ಕನ್ನೂ ಪೂರ್ತಿ ಕೊಡ್ತಾ ಇಲ್ಲ” ಎಂದು ಅವರು ಅಂಗಡಿಯವನ ಮೇಲೆ ಜಗಳಕ್ಕೆ ಹೊರಡುವುದರಲ್ಲಿದ್ದರು. ಬಯಾಸಿನಲ್ಲಿ 12288 ಎಂಬಿ ಇದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗಿದ್ದ ಮೇಲೆ ಸ್ಟಿಕ್ ಸರಿಯಾಗಿದೆ, ಅಂಗಡಿಯವನದೇನೂ ತಪ್ಪಿಲ್ಲ.

ಅಡ್ಡಿಯಾಗಿದ್ದುದು ಅವರ 32 ಬಿಟ್ಟಿನ ವಿಂಡೋಸ್ 7. ಮೆಮೊರಿಯ ಒಂದೊಂದು ಬೈಟಿಗೂ ಒಂದೊಂದು ವಿಳಾಸ ಬೇಕು. 32 ಬಿಟ್ಟುಗಳಲ್ಲಿ ಬರೆಯಬಹುದಾದ ವಿಳಾಸಗಳು 4,294,967,296, ಅಂದರೆ 4 ಜಿಬಿ ಮಾತ್ರ. ಗ್ರಾಫಿಕ್ಸ್ ಮೊದಲಾದ ಸಾಧನಗಳಿಗೂ ಇದೇ ವಿಳಾಸಗಳಲ್ಲಿ ಪಾಲು ಸಲ್ಲಬೇಕಾದುದರಿಂದ ರ‍್ಯಾಮಿಗೆ ಉಳಿಯುವುದು ಸಾಮಾನ್ಯವಾಗಿ ಮೂರು ಜಿಬಿ ಚಿಲ್ಲರೆ. ಪ್ರೊಸೆಸರಿಗೆ ಈ ಗಡಿ ದಾಟುವ ಉಪಾಯ ಗೊತ್ತಿದ್ದರೂ, ಮೇಲಿನ ವಿಳಾಸಗಳನ್ನು ಕಂಡರೆ ಎಡವುವ ಡ್ರೈವರುಗಳು ಬಹಳವಿದ್ದುದರಿಂದ ಮೈಕ್ರೋಸಾಫ್ಟ್ ಮನೆ ಮತ್ತು ಕಚೇರಿಯ 32 ಬಿಟ್ ಆವೃತ್ತಿಗಳನ್ನು 4 ಜಿಬಿಗೇ ಕಟ್ಟಿಹಾಕಿತು. 64 ಬಿಟ್ಟಿಗೆ ಹೋದರೆ ಎಲ್ಲವೂ ಸರಿಹೋಗುತ್ತದೆ ಎನ್ನುವಂತೆಯೂ ಇರಲಿಲ್ಲ. ಅವರಲ್ಲಿದ್ದುದು ವಿಂಡೋಸ್ 7ರ ಹೋಮ್ ಬೇಸಿಕ್ ಆವೃತ್ತಿ. ಅದರ 64 ಬಿಟ್ ರೂಪಕ್ಕೂ 8 ಜಿಬಿಯ ಮಿತಿಯಿದೆ. ಹೋಮ್ ಪ್ರೀಮಿಯಂ 16 ಜಿಬಿಯವರೆಗೆ, ಪ್ರೊಫೆಷನಲ್ 192 ಜಿಬಿಯವರೆಗೆ ಹೋಗುತ್ತದೆ. ಯಂತ್ರಾಂಶದಲ್ಲಿ ಯಾವ ಕೊರತೆಯೂ ಇಲ್ಲದೆ, ಬರೀ ಮಾರಾಟದ ಲೆಕ್ಕಾಚಾರಕ್ಕಾಗಿ ಹಾಕಿದ ಈ ಬೇಲಿಗಳನ್ನು ಕಂಡರೆ ನನಗೆ ಇಂದಿಗೂ ರೇಗುತ್ತದೆ.

64 ಬಿಟ್ ವಿಂಡೋಸ್‌ನಲ್ಲೂ ಮೆಮೊರಿ ಕಡಿಮೆ ಕಂಡರೆ ಎಂಎಸ್‌ಕಾನ್ಫಿಗ್ ಎಂಬ ವಿಂಡೋಸಿನ ಸಲಕರಣೆಯನ್ನು ತೆರೆದು, ಬೂಟ್ ವಿಭಾಗದ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ ಎಂಬಲ್ಲಿ ಗುರುತು ಬಿದ್ದಿದೆಯೇ ನೋಡಿ, ಇದ್ದರೆ ತೆಗೆದುಬಿಡಬೇಕು. ವೇಗ ಹೆಚ್ಚಿಸುವ ಸಲಹೆಯೆಂದು ಯಾರೋ ಹೇಳಿದ್ದನ್ನು ಕೇಳಿ ಅಲ್ಲಿ ಸಂಖ್ಯೆ ತುಂಬಿದವರು ಎಷ್ಟೋ ಜನ. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗಾಗಿ ಕೆಲವು ನೂರು ಎಂಬಿ ಕಡಿತವಾಗುವುದು ಮಾತ್ರ ದೋಷವಲ್ಲ. 1600ರ ವೇಗದ ಸ್ಟಿಕ್ ಹಳೆಯ ಬೋರ್ಡಿನಲ್ಲಿ 1333ರ ವೇಗದಲ್ಲಿ ನಡೆಯುವುದೂ ದೋಷವಲ್ಲ.

ಹಿರಿಯರ ಆ ಯಂತ್ರವನ್ನು 64 ಬಿಟ್ಟಿಗೆ ಬದಲಿಸುವುದು ಬೇಡವೆಂದು ನಾನೇ ಹೇಳಿದೆ. ಒಂದು ಹಳೆಯ ಪ್ರಿಂಟರಿನ ಡ್ರೈವರ್ 32 ಬಿಟ್ಟಿನಲ್ಲಿ ಮಾತ್ರ ಇತ್ತು; ಪ್ರತಿದಿನ ಬಳಸುವ ಒಂದು ಪುಟ್ಟ ತಂತ್ರಾಂಶ 16 ಬಿಟ್ಟಿನದು, ಅಂಥದ್ದನ್ನು 64 ಬಿಟ್ ವಿಂಡೋಸ್ ನಡೆಸುವುದೇ ಇಲ್ಲ. ವರ್ಷಗಳಿಂದ ನುಡಿ ಅಕ್ಷರಗಳಲ್ಲಿ ಕೂರಿಸಿಟ್ಟ ಪುಸ್ತಕಗಳ ಕಡತಗಳು ಆ ಯಂತ್ರದಲ್ಲಿ ಸರಾಗವಾಗಿ ತೆರೆದುಕೊಳ್ಳುತ್ತಿರುವಾಗ ಅದನ್ನು ಕೆದಕುವುದು ಜಾಣತನವಲ್ಲ. ಮುಖಪುಟದ ದೊಡ್ಡ ಚಿತ್ರಗಳ ಕೆಲಸ ನಡೆಯುತ್ತಿದ್ದುದು ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ. ಅದೂ ಡಿಡಿಆರ್3 ಬೋರ್ಡಿನದೇ, ಅದರಲ್ಲಿ 4 ಜಿಬಿಯ ಸ್ಟಿಕ್ಕೂ 64 ಬಿಟ್ ವಿಂಡೋಸ್ 10 ಕೂಡ ಇದ್ದವು. ಹೊಸ 8 ಜಿಬಿ ಸ್ಟಿಕ್ಕನ್ನು ಅದಕ್ಕೆ ಹಾಕಿದೆವು.

ಅಲ್ಲಿ ಎದುರಾದದ್ದು ಮೊದಲನೆಯ ಬಗೆಯ ತೊಂದರೆ: ಬಯಾಸೇ 4 ಜಿಬಿ ಎಂದಿತು. ಇಂಥ ಹೊತ್ತಿನಲ್ಲಿ ಕರೆಂಟಿನ ವೈರ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಟ್ಟ ಮೇಲೆಯೇ ಒಳಗೆ ಕೈಹಾಕಬೇಕು. ಡಿಡಿಆರ್3 ಸ್ಟಿಕ್ಕಿನಲ್ಲಿ 240 ಪಿನ್ನುಗಳು, ಡಿಡಿಆರ್4ರಲ್ಲಿ 288. ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು. ಸರಿಯಾದ ಸ್ಟಿಕ್ ಕೂಡ ಅರ್ಧ ಕೂತು ಮೋಸ ಮಾಡುವುದುಂಟು. ತುದಿಯ ಕ್ಲಿಪ್ಪು ಟಕ್ಕೆಂದು ತಾನಾಗಿ ಹಿಡಿದುಕೊಳ್ಳುವವರೆಗೆ ಎರಡೂ ಕಡೆ ಸಮನಾಗಿ ಒತ್ತಬೇಕು. ಕಾಗದದ ಧೂಳು ತುಂಬಿದ ಸ್ಲಾಟನ್ನು ಬ್ಲೋಯರಿನಿಂದ ಊದಿ, ಸ್ಟಿಕ್ಕಿನ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಹಗುರವಾಗಿ ಉಜ್ಜಿ ಒರೆಸಿದ್ದಾಯಿತು. ಫಲವಿಲ್ಲ.

ಮುಂದಿನ ಹೆಜ್ಜೆ ಒಂದೊಂದೇ ಸ್ಟಿಕ್ಕನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡುವುದು. ಬೇಸರದ ಕೆಲಸವಾದರೂ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಊಹೆ. ಹಳೆಯದು, ಹೊಸದು ಎರಡೂ ಮೊದಲನೆಯ ಸ್ಲಾಟಿನಲ್ಲಿ ಕೆಲಸ ಮಾಡಿದವು, ಎರಡನೆಯದರಲ್ಲಿ ಎರಡೂ ಮಾಡಲಿಲ್ಲ. ಅಂದರೆ ದೋಷ ಸ್ಟಿಕ್ಕಿನಲ್ಲಿಲ್ಲ. ಒಂದು ವೇಳೆ ಹೊಸ ಸ್ಟಿಕ್ ಯಾವ ಸ್ಲಾಟಿನಲ್ಲೂ ಏಳದಿದ್ದರೆ, ಅದು ಎಎಂಡಿ ಬೋರ್ಡುಗಳಿಗೆ ಮಾತ್ರ ಎಂದು ಅಗ್ಗವಾಗಿ ಮಾರುವ ಡಿಡಿಆರ್3 ಮಾಲೇ ಎಂದು ನಾನು ಅನುಮಾನಿಸುತ್ತಿದ್ದೆ. ಅದರಲ್ಲಿನ ಚಿಪ್ಪುಗಳ ಜೋಡಣೆಯನ್ನು ಇಂಟೆಲ್ಲಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಒಪ್ಪುವುದಿಲ್ಲ.

ಸ್ಲಾಟು ಸತ್ತಿದೆ ಎಂದು ಇಲ್ಲಿಗೇ ಕೈಬಿಡುವವರು ಬಹಳ. ಆದರೆ ಇಂಟೆಲ್ ಪ್ರೊಸೆಸರುಗಳಲ್ಲಿ 2008ರಿಂದ, ಎಎಂಡಿಯಲ್ಲಿ ಅದಕ್ಕೂ ಮೊದಲು 2003ರಲ್ಲೇ, ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಒಳಗೇ ಸೇರತೊಡಗಿತು. ಹಾಗಾಗಿ ಸ್ಲಾಟಿನಿಂದ ಹೊರಟ ಗೆರೆಗಳು ಪ್ರೊಸೆಸರಿನ ಸಾಕೆಟ್ಟಿನ ಪಿನ್ನುಗಳ ಮೂಲಕವೇ ಹಾದುಹೋಗಬೇಕು. ಅಲ್ಲಿ ಒಂದು ಪಿನ್ ಬಾಗಿದರೆ ಅಥವಾ ಒತ್ತಡ ಒಂದು ಕಡೆಗೆ ವಾಲಿ ಸ್ಪರ್ಶ ತಪ್ಪಿದರೆ, ಉಳಿದೆಲ್ಲ ಸರಿಯಿದ್ದೂ ಮೆಮೊರಿಯ ಒಂದು ಚಾನೆಲ್ (ಸ್ಲಾಟಿನಿಂದ ಪ್ರೊಸೆಸರಿಗಿರುವ ದಾರಿ) ಮಾತ್ರ ಮಾಯವಾಗಬಹುದು. ನೋಡಿದರೆ ಫ್ಯಾನು ಹೊತ್ತ ಹೀಟ್‌ಸಿಂಕಿನ ನಾಲ್ಕು ಕಾಲುಗಳಲ್ಲಿ ಒಂದು ಬೋರ್ಡಿನಿಂದ ಮೇಲೆದ್ದಿತ್ತು. ಅದನ್ನು ಬಿಚ್ಚಿ, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ, ನಾಲ್ಕು ಕಾಲುಗಳನ್ನೂ ಎದುರುಬದುರಾಗಿ ಒತ್ತಿ ಕೂರಿಸಿದ ಮೇಲೆ ಬಯಾಸಿನಲ್ಲಿ 12 ಜಿಬಿ ಬಂತು, ವಿಂಡೋಸಿನಲ್ಲೂ ಬಂತು.

ಒಂದು 4, ಒಂದು 8 ಹೀಗೆ ಹೊಂದದ ಜೋಡಿ ಹಾಕಬಹುದೇ ಎಂದು ಹಿರಿಯರು ಕೇಳಿದರು. ಧಾರಾಳವಾಗಿ ಹಾಕಬಹುದು, ಇಂಟೆಲ್ ಬೋರ್ಡಿನಲ್ಲಿ ಎರಡೂ ಕಡೆಯ ನಾಲ್ಕು ನಾಲ್ಕು ಜಿಬಿ ಜೋಡಿಯಾಗಿ ನಡೆಯುತ್ತವೆ, ಮಿಕ್ಕ ನಾಲ್ಕು ಒಂಟಿಯಾಗಿ, ತುಸು ನಿಧಾನವಾಗಿ ನಡೆಯುತ್ತದೆ. ಆ ರಾತ್ರಿ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಿಸುವ ತಂತ್ರಾಂಶವನ್ನು ಓಡಲು ಬಿಟ್ಟುಬಂದೆವು. ಕಾಣಿಸಿಕೊಂಡ ಮೆಮೊರಿಯೆಲ್ಲ ನೆಟ್ಟಗಿರುತ್ತದೆಂದು ನಂಬುವಂತಿಲ್ಲ. ಬೆಳಿಗ್ಗೆ ಒಂದೂ ದೋಷ ಇರಲಿಲ್ಲವೆಂದು ಅವರೇ ಫೋನ್ ಮಾಡಿದರು. ಸ್ಟಿಕ್ಕಿನ ಮೇಲಿನ ಲೇಬಲ್ ಕೀಳಬೇಡಿ, ವಾರಂಟಿ ಕೇಳಲು ಹೋದಾಗ ಅಂಗಡಿಯವರು ಮೊದಲು ನೋಡುವುದು ಅದನ್ನೇ ಎಂದು ಹೇಳಿ ಫೋನ್ ಇಟ್ಟೆ.